ಒಂದೇ ಇನ್ನಿಂಗ್ಸ್ ಎಸೆಯುವವರಿಗೆ 425ಕ್ಕೆ 425 ಮತ ಬಂದದ್ದು ಹೇಗೆ?

ಪ್ರಶ್ನೆ:
ಕ್ರಿಕೆಟ್ ನೋಡಿಕೊಂಡೇ ಬೆಳೆದ ನನಗೆ ಬೇಸ್‌ಬಾಲ್ ಈಚಿನ ಹವ್ಯಾಸ. 2019ರಲ್ಲಿ ಹಾಲ್ ಆಫ್ ಫೇಮ್‌ಗೆ (ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಗೆ) ಮತ ಹಾಕಿದ 425 ಪತ್ರಕರ್ತರಲ್ಲಿ ಒಬ್ಬರೂ ನ್ಯೂಯಾರ್ಕ್ ಯಾಂಕೀಸ್ ತಂಡದ ಮರಿಯಾನೊ ರಿವೇರಾ ಅವರ ಹೆಸರನ್ನು ಬಿಡಲಿಲ್ಲವೆಂದೂ, ಅಂಥ ಸರ್ವಾನುಮತ ಅದಕ್ಕೆ ಮೊದಲು ಯಾರಿಗೂ ದಕ್ಕಿರಲಿಲ್ಲವೆಂದೂ ಓದಿದೆ. ಪಂದ್ಯದ ಕೊನೆಗೆ ಬಂದು ಸಾಮಾನ್ಯವಾಗಿ ಮೂರು ಔಟ್ (ಬೇಸ್‌ಬಾಲಿನಲ್ಲಿ ಅಷ್ಟಕ್ಕೇ ಒಂದು ಇನ್ನಿಂಗ್ಸ್) ಪಡೆದು ಹೋಗುವ ರಿಲೀಫ್ ಪಿಚರ್‌ಗೆ, ಅಂದರೆ ಬದಲಿ ಎಸೆತಗಾರರಿಗೆ, ಇಷ್ಟು ಮನ್ನಣೆ ಏಕೆ?

ಉತ್ತರ 1:
ಪನಾಮಾದ ಮೀನುಗಾರರ ಊರಿನಿಂದ ಬಂದ ರಿವೇರಾ 1995ರಲ್ಲಿ ಆರಂಭಿಕ ಪಿಚರ್ ಆಗಿ ಹತ್ತು ಪಂದ್ಯ ಆಡಿದರು, ಆದರೆ ಆ ಸ್ಥಾನದಲ್ಲಿ ನಿಲ್ಲಲಿಲ್ಲ. 1997ರಿಂದ ಕ್ಲೋಸರ್, ಅಂದರೆ ಮುನ್ನಡೆ ಕಾಯ್ದು ಪಂದ್ಯ ಮುಗಿಸಿಕೊಡುವ ಪಿಚರ್ ಆದರು. ತೀರ ಕಡಿಮೆ ಮುನ್ನಡೆಯನ್ನು ಕೊನೆಯವರೆಗೆ ಕಾಯ್ದರೆ ಸಿಗುವ ‘ಸೇವ್’ ಅವರ ಹೆಸರಿನಲ್ಲಿ 652 ಇವೆ, ಅದು ದಾಖಲೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಪೋಸ್ಟ್‌ಸೀಸನ್ (ಋತುವಿನ ಕೊನೆಯ ನಾಕೌಟ್ ಹಂತ) ಲೆಕ್ಕ: ದೇಶದ ಅತ್ಯುತ್ತಮ ತಂಡಗಳೆದುರು 141 ಇನ್ನಿಂಗ್ಸ್ ಎಸೆದೂ ಅವರ ರನ್ ಸರಾಸರಿ ಒಂಬತ್ತು ಇನ್ನಿಂಗ್ಸಿಗೆ, ಅಂದರೆ ಒಂದು ಪೂರ್ಣ ಪಂದ್ಯಕ್ಕೆ, ಬರೀ 0.70.

ಉತ್ತರ 2:
ಅದೂ ಬಹುಮಟ್ಟಿಗೆ ಒಂದೇ ಎಸೆತದಿಂದ. 1997ರ ಬೇಸಿಗೆಯಲ್ಲಿ ಸಹ ಆಟಗಾರ ರಾಮಿರೊ ಮೆಂಡೋಜಾ ಅವರೊಡನೆ ಸುಮ್ಮನೆ ಚೆಂಡು ಎಸೆದಾಡುತ್ತಿದ್ದಾಗ ರಿವೇರಾ ಅವರ ಚೆಂಡು ಕೊನೆಯ ಗಳಿಗೆಯಲ್ಲಿ ತಾನಾಗಿಯೇ ಪಕ್ಕಕ್ಕೆ ಸರಿಯತೊಡಗಿತು. ನೇರ ಮಾಡಲು ಯತ್ನಿಸಿದರೂ ಆಗಲಿಲ್ಲ. ಅದೇ ‘ಕಟರ್’. ಎಡಗೈ ಬ್ಯಾಟರುಗಳಿಗೆ ಅದು ಒಳನುಗ್ಗಿ ಹಿಡಿಕೆಯ ಹತ್ತಿರ ಬಡಿದು ಬ್ಯಾಟುಗಳನ್ನೇ ಸೀಳುತ್ತಿತ್ತು. ಬರುವುದು ಕಟರೇ ಎಂದು ಗೊತ್ತಿದ್ದೂ ಹೊಡೆಯಲಾಗುತ್ತಿರಲಿಲ್ಲ.

ಉತ್ತರ 3:
ರಿವೇರಾ ಅರ್ಹರೇ, ಆದರೆ ಸರ್ವಾನುಮತದ ಬಗ್ಗೆ ನನ್ನದೊಂದು ತಕರಾರಿದೆ. 19 ಋತುಗಳಲ್ಲಿ ಅವರು ಎಸೆದದ್ದು 1,283 ಇನ್ನಿಂಗ್ಸ್. ಒಳ್ಳೆಯ ಆರಂಭಿಕ ಪಿಚರ್ ಅಷ್ಟನ್ನು ಆರೇಳು ಋತುಗಳಲ್ಲಿ ಮುಗಿಸುತ್ತಾರೆ. ವಿಲಿ ಮೇಸ್, ಹ್ಯಾಂಕ್ ಆರನ್ ಅವರಂಥ ದಿಗ್ಗಜ ಬ್ಯಾಟರುಗಳಿಗೇ ಪೂರ್ಣ ಮತ ಬಂದಿರಲಿಲ್ಲ.

ಉತ್ತರ 2 ಬರೆದವರು:
ಇನ್ನಿಂಗ್ಸಿನ ಲೆಕ್ಕ ಒಪ್ಪುತ್ತೇನೆ. ಆದರೆ ಕ್ಲೋಸರ್ ಸೋತರೆ ತಿದ್ದಿಕೊಳ್ಳಲು ಮುಂದೆ ಇನ್ನಿಂಗ್ಸೇ ಉಳಿದಿರುವುದಿಲ್ಲ. 2001ರ ವಿಶ್ವ ಸರಣಿಯ (ಚಾಂಪಿಯನ್‌ಪಟ್ಟದ ಸರಣಿ) ಏಳನೆಯ, ನಿರ್ಣಾಯಕ ಪಂದ್ಯದಲ್ಲಿ ಆದದ್ದು ಅದೇ: ಮೂರೂ ಬೇಸುಗಳಲ್ಲಿ ಎದುರಾಳಿ ಓಟಗಾರರು ನಿಂತಿದ್ದರು, ರನ್ ತಡೆಯಲು ಬೇಸುಗಳ ಬಳಿಯ ಫೀಲ್ಡರುಗಳು ಮುಂದೆ ಬಂದಿದ್ದರು, ಕಟರ್ ಎಂದಿನಂತೆ ಅರಿಜೋನಾದ ಲೂಯಿಸ್ ಗೊಂಜಾಲೆಸ್ ಅವರ ಕೈಗಳ ಹತ್ತಿರಕ್ಕೇ ನುಗ್ಗಿತು, ಸರಿಯಾಗಿ ತಾಗದ ಚೆಂಡು ಮೆಲ್ಲಗೆ ಮೇಲೆದ್ದು ಯಾಂಕೀಸ್ ಫೀಲ್ಡರ್ ಡೆರೆಕ್ ಜೀಟರ್ ಅವರ ಹಿಂದೆ ಬಿದ್ದಿತು. ಜೀಟರ್ ಎಂದಿನ ಜಾಗದಲ್ಲಿ ನಿಂತಿದ್ದರೆ ಅದು ಸುಲಭದ ಕ್ಯಾಚ್.