ಮರಳು ಮಸಾರಿಯಲ್ಲಿ ಯೂರಿಯಾನೂ ನಿಲ್ಲುತ್ತಿಲ್ಲ, ಕಸದ ಎಣ್ಣೆನೂ ನಿಲ್ಲುತ್ತಿಲ್ಲ

ಶಿರಹಟ್ಟಿ ತಾಲೂಕಿನಿಂದ:
ಎರಡು ಎಕರೆ ಗೋವಿನಜೋಳ ಇದೆ. ನೆಲ ಮರಳು ಕೂಡಿದ ಮಸಾರಿ (ಕೆಂಪು ಮಣ್ಣು), ಹಸಿ ಇದ್ದಾಗ ಹಿಡಿದರೂ ಉಂಡೆ ನಿಲ್ಲೋದಿಲ್ಲ. ರೋಟಾವೇಟರ್ ಎರಡು ಸಲ ಹೊಡೆಸಿ ಹಿಟ್ಟು ಮಾಡಿದ್ದೆ. ಬಿತ್ತುವಾಗಲೇ ಎಕರೆಗೆ ಎರಡು ಚೀಲ ಯೂರಿಯಾ ಕೊಟ್ಟೆ. ಮರುದಿನ ಕಸ ಸಾಯಿಸೋ ಎಣ್ಣೆ ಅಟ್ರಾಜಿನ್ ಹೊಡೆದೆ, ಅದೇ ರಾತ್ರಿ ಜೋರು ಮಳೆ. ಈಗ 30 ದಿನ. ಕೆಳಗಿನ ಎಲೆ ಹಳದಿಯಾಗಿವೆ, ಕಸ ಮತ್ತೆ ಎದ್ದಿದೆ. ಉಳುಮೆ ಜಾಸ್ತಿಯಾಗಿ ಹೀಗಾಯ್ತಾ? ಮುಂದಿನ ವರ್ಷ ಉಳದೇ ಬಿತ್ತಲಾ?

ರಾಣೆಬೆನ್ನೂರಿನಿಂದ:
ಅಣ್ಣಾ, ಮೊದಲು ಎಲೆ ನೋಡಿ. ಹಳದಿ ತುದಿಯಿಂದ ನಡುನರದ ಗುಂಟ ಒಳಗೆ ಬಂದಿದ್ರೆ ಸಾರಜನಕ ಸಾಲದಾಗಿದೆ. ಅಂಚು ಮಾತ್ರ ಸುಟ್ಟಂತಿದ್ರೆ ಪೊಟ್ಯಾಷ್ ಕೊರತೆ.

ಯೂರಿಯಾದ 45 ಕೆಜಿ ಚೀಲದಲ್ಲಿ ಸುಮಾರು 20 ಕೆಜಿ ಸಾರಜನಕ ಇರುತ್ತೆ. ಎರಡು ಚೀಲ ಒಮ್ಮೆಲೇ ಹಾಕಿದ್ರಿ, ಆಗಿನ್ನೂ ಉಣ್ಣೋಕೆ ಬೆಳೆ ಬೇರೇ ಬಿಟ್ಟಿರಲಿಲ್ಲ. ಕರಗಿದ ಯೂರಿಯಾ ಮಣ್ಣಿಗೆ ಅಂಟೋದಿಲ್ಲ. ಅದರ ಸಾರಜನಕ ಮಣ್ಣಲ್ಲಿ ಅಮೋನಿಯಂ ರೂಪಕ್ಕೆ ಬಂದಾಗ ಸ್ವಲ್ಪ ನಿಲ್ಲುತ್ತೆ, ಆಮೇಲೆ ನೈಟ್ರೇಟ್ ರೂಪ ಆದರೆ ನೀರಿನ ಜೊತೆ ಇಳಿದೇಬಿಡುತ್ತೆ. ಉಳುಮೆಯದ್ದೂ ಪಾಲಿದೆ: ಮಣ್ಣು ಕೆದಕಿದಷ್ಟೂ ಗಾಳಿಯಾಡಿ, ಹಳೇ ಗೊಬ್ಬರದಂಶ ಬೇಗ ಕೊಳೆತು ನೈಟ್ರೇಟ್ ಆಗುತ್ತೆ. ಆದರೆ ನಿಮ್ಮಲ್ಲಿ ದೊಡ್ಡ ತಪ್ಪು ಒಂದೇ ಕಂತಿನದ್ದು.

ಉಳದೇ ಬಿಟ್ರೆ ಎಲ್ಲ ಸರಿಹೋಗುತ್ತೆ ಅಂತ ನಂಬಬೇಡಿ. ಉಳದೇ ಬಿಟ್ಟ ನೆಲದಲ್ಲಿ ಎರೆಹುಳದ ತೂತು, ಹಳೇ ಬೇರಿನ ದಾರಿ ಉಳಿದಿರುತ್ತವೆ. ಸಿಂಪಡಿಸಿದ ಬೆನ್ನಲ್ಲೇ ಜೋರು ಮಳೆ ಬಂದ್ರೆ ಕಸದ ಎಣ್ಣೆ ಆ ದಾರಿಯಲ್ಲೇ ಕೆಳಗೆ ಹೋಗಬಹುದು. ಎರಿ (ಕಪ್ಪು) ಭೂಮಿಯಲ್ಲಿ ಇದು ಜಾಸ್ತಿ. ಮರಳು ನೆಲದಲ್ಲಿ ತೂತು ಬೇಗ ಮುಚ್ಚುತ್ತವೆ, ಆದರೆ ನೀರು ಮರಳಿನ ಕಾಳುಗಳ ನಡುವೆಯೇ ಸೋರಿ ಹೋಗುತ್ತೆ. ಅಟ್ರಾಜಿನ್ ನೀರಿನ ಜೊತೆ ಸಾಗುವಂಥದ್ದು. ಇನ್ನೊಂದು ಕಸದ ಎಣ್ಣೆ ಪೆಂಡಿಮೆಥಾಲಿನ್ ಆದರೆ ಮಣ್ಣಿಗೆ ಗಟ್ಟಿಯಾಗಿ ಅಂಟುತ್ತೆ.

ಶಿರಹಟ್ಟಿ ತಾಲೂಕಿನಿಂದ:
ಹಳದಿ ನಡುನರದಲ್ಲೇ ಇದೆ ಅಣ್ಣಾ, ಅಂಚು ಹಸಿರು. ಅಟ್ರಾಜಿನ್ ಇನ್ನೊಂದ್ಸಲ ಹೊಡೀಲಾ?

ರಾಣೆಬೆನ್ನೂರಿನಿಂದ:
ದಯವಿಟ್ಟು ಬೇಡ. ಹೊಲದಲ್ಲಿ ಬೋರ್‌ವೆಲ್ ಇದ್ರಂತೂ ಬೇಡವೇ ಬೇಡ, ಅದೇ ನೀರು ಮನೆಮಂದಿ ಕುಡಿಯೋದಲ್ವಾ? ಕಸಕ್ಕೆ ಸಾಲಿನ ನಡುವೆ ಎಡೆಕುಂಟೆ ಹೊಡೆಯಿರಿ, ಆದರೆ ಮೇಲೆ ಮೇಲೆ, ಬೇರು ಕೀಳದಂತೆ. ಅದಕ್ಕೂ ಮುಂಚೆ ನೆಲ ಹಸಿ ಇದ್ದಾಗ ಎಕರೆಗೆ ಅರ್ಧ ಚೀಲ ಯೂರಿಯಾ ಗಿಡದ ಬದಿಗೆ ಹಾಕಿ. ಎಡೆ ಹೊಡೆದ ಮೇಲೆ ಬುಡಕ್ಕೆ ಮಣ್ಣೇರಿಸಿ. ಗೊಬ್ಬರ ಹಾಗೆ ಏರಿಸಿದ ಬೋದಿನಲ್ಲಿದ್ರೆ ಮಳೆನೀರು ಸಾಲಿನಲ್ಲಿ ಇಳಿಯುತ್ತೆ, ತೊಳೆದು ಹೋಗೋದು ಕಡಿಮೆ. ಉಳಿದ ಅರ್ಧ ಚೀಲ 15 ದಿನ ಬಿಟ್ಟು. ಮೋಡ ಕಟ್ಟಿದ್ರೆ ಒಂದೆರಡು ದಿನ ತಡೆಯಿರಿ.

ಬೇಸಿಗೆಯಲ್ಲಿ ರೋಟಾವೇಟರ್ ಒಂದೇ ಸಲ ಸಾಕು. ಆ ಬಾಡಿಗೆ ದುಡ್ಡಲ್ಲಿ ತಿಪ್ಪೆಗೊಬ್ಬರ ಏರಿಸಿ. ದಂಟು ಸುಡಬೇಡಿ.