ಮನೆ ಹುಡುಕಾಟ, ತಾರತಮ್ಯ, ಕಾನೂನು: ನ್ಯೂ ಜರ್ಸಿ ಕನ್ನಡಿಗರ ಗುಂಪಿನಲ್ಲಿ ಪ್ರಶ್ನೋತ್ತರ

ನಿರ್ವಾಹಕ: ನ್ಯೂ ಜರ್ಸಿಯಲ್ಲಿ ಪರವಾನಗಿ ಪಡೆದ ರಿಯಲ್ ಎಸ್ಟೇಟ್ ಏಜೆಂಟ್ ಆಗಿರುವ ನಮ್ಮ ಸದಸ್ಯೆ ಈ ವಾರಾಂತ್ಯ ಉತ್ತರಿಸುತ್ತಾರೆ. ಮನೆ ಕೊಳ್ಳುವಾಗ, ಬಾಡಿಗೆಗೆ ಹಿಡಿಯುವಾಗ ನಡೆಯುವ ತಾರತಮ್ಯದ ಬಗ್ಗೆ ಮಾತ್ರ ಕೇಳಿ. ಬಡ್ಡಿದರ, ವೀಸಾ ಬೇಡ.

ಬೆಣ್ಣೆದೋಸೆ: ನಮಸ್ಕಾರ ಮೇಡಂ. ಮಿಡ್ಲ್‌ಸೆಕ್ಸ್ ಕೌಂಟಿಯಲ್ಲಿ ಮನೆ ನೋಡುತ್ತಿದ್ದೇವೆ. ನಮ್ಮ ಜನ ಹೆಚ್ಚಾಗಿರುವ ಬಡಾವಣೆ ಯಾವುದು ಎಂದರೆ ನಮ್ಮ ಏಜೆಂಟ್ ಬಾಯಿಯೇ ಬಿಡುವುದಿಲ್ಲ.

ಏಜೆಂಟ್: ನಮಸ್ಕಾರ. ಬಾಯಿ ಬಿಡದಿರುವುದು ಅವರ ಕರ್ತವ್ಯ. ಜನಾಂಗ, ಧರ್ಮ, ಮೂಲದೇಶ ನೋಡಿ ಗಿರಾಕಿಯನ್ನು ಒಂದು ಬಡಾವಣೆಗೆ ಒಯ್ಯುವುದು, ಇನ್ನೊಂದರಿಂದ ತಪ್ಪಿಸುವುದು, ವಸತಿಯಲ್ಲಿ ತಾರತಮ್ಯ ತಡೆಯುವ 1968ರ ಫೇರ್ ಹೌಸಿಂಗ್ ಕಾಯ್ದೆಗೆ ವಿರುದ್ಧ. ಇದನ್ನು ‘ಸ್ಟೀರಿಂಗ್’ ಎನ್ನುತ್ತೇವೆ. ಗಿರಾಕಿಯೇ ಕೇಳಿದರು ಎಂದರೆ ನಾವು ಪಾರಾಗುವುದಿಲ್ಲ. ನ್ಯೂಸ್‌ಡೇ ಪತ್ರಿಕೆ ಲಾಂಗ್ ಐಲ್ಯಾಂಡಿನ 93 ಏಜೆಂಟರ ಬಳಿಗೆ ಒಂದೇ ಬಗೆಯ ಆದಾಯ ಮತ್ತು ಬೇಡಿಕೆ ಹೇಳುವ ಇಬ್ಬಿಬ್ಬರು ನಕಲಿ ಗಿರಾಕಿಗಳನ್ನು (ಒಬ್ಬರು ಬಿಳಿಯರು, ಇನ್ನೊಬ್ಬರು ಬೇರೆ ಜನಾಂಗದವರು) ಗುಪ್ತ ಕ್ಯಾಮೆರಾದೊಂದಿಗೆ ಕಳಿಸಿ, 2019ರಲ್ಲಿ ವರದಿ ಪ್ರಕಟಿಸಿತು. ಬಿಳಿಯರಿಗೆ ಹೋಲಿಸಿದರೆ ಏಷ್ಯನ್ನರಿಗೆ ನೂರಕ್ಕೆ 19, ಹಿಸ್ಪಾನಿಕರಿಗೆ 39, ಕಪ್ಪು ಜನರಿಗೆ 49 ಪರೀಕ್ಷೆಗಳಲ್ಲಿ ಭೇದ ಕಂಡಿತು. ಹಾಗಾಗಿ ನೀವು ಬೆಲೆ ಹೇಳಿ, ಕೋಣೆ ಎಷ್ಟು ಬೇಕೆಂದು ಹೇಳಿ, ಬ್ರಿಡ್ಜ್‌ವಾಟರ್ ದೇವಸ್ಥಾನಕ್ಕೆ ಎಷ್ಟು ನಿಮಿಷದ ದಾರಿಯಿರಬೇಕೆಂದು ಹೇಳಿ. ಅದರಂತೆ ಹುಡುಕುತ್ತೇನೆ. ನಿಮ್ಮ ಹೆಸರು ನೋಡಿ ನಾನೇ ಊಹಿಸುವುದಿಲ್ಲ.

ತುಂಗಾತೀರ: ಅಕ್ಕಾ, ಕಳೆದ ಮಂಗಳವಾರ ಒಂದು ಬಾಡಿಗೆ ಮನೆಗಾಗಿ ಅಲ್ಲಿನ ಏಜೆಂಟ್‌ಗೆ ಕರೆ ಮಾಡಿದೆ. ಆಕೆ ಹೆಸರು ಕೇಳಿದರು. ನಾನು ಐದು ತಿಂಗಳ ಗರ್ಭಿಣಿ, ಅದನ್ನೂ ಹೇಳಿದೆ. ‘ಮಸಾಲೆ ಹಾಕಿ ಅಡುಗೆ ಮಾಡುತ್ತೀರಾ? ಕಾರ್ಪೆಟ್ಟಿಗೆ ವಾಸನೆ ಹಿಡಿದರೆ ಹೋಗುವುದಿಲ್ಲ’ ಎಂದರು. ಒಂದು ಗಂಟೆ ಕಳೆದು ‘ಮನೆ ಹೋಯಿತು’ ಎಂಬ ಸಂದೇಶ ಬಂತು. ಅದೇ ಸಂಜೆ ನನ್ನ ಸಹೋದ್ಯೋಗಿ, ಬಿಳಿಯ ಮಹಿಳೆ, ಕರೆ ಮಾಡಿದಾಗ ಶನಿವಾರ ಬಂದು ನೋಡಿ ಎಂದರಂತೆ. ಗಂಡ ಬಿಟ್ಟುಬಿಡು ಎನ್ನುತ್ತಾರೆ.

ಕಾವೇರಿಪುತ್ರ: ಬಿಡಿ ಮೇಡಂ, ಇವರ ದೇಶ, ಇವರ ಮನೆ. ಸುಮ್ಮನೆ ಕೋರ್ಟು ಕಚೇರಿ ಅಲೆಯಬೇಕು.

ಏಜೆಂಟ್: ಬಿಡಬೇಡಿ. ಈ ಎಳೆಯಲ್ಲಿ ನನಗೆ ನಿಜಕ್ಕೂ ಕಳವಳ ತಂದದ್ದು ಇದೊಂದೇ.

ಇಲ್ಲಿ ಎರಡು ವಿಷಯಗಳಿವೆ. ಹೆಸರು ಕೇಳಿ, ಅಡುಗೆ ಕೇಳಿ ಬಾಗಿಲು ಹಾಕಿದ್ದು ಮೂಲದೇಶದ ಮೇಲಿನ ತಾರತಮ್ಯ ಎಂದು ವಾದಿಸಲು ಬಲವಾದ ಆಧಾರ. ಗರ್ಭಿಣಿಯರಿಗೆ, ಮಕ್ಕಳಿರುವ ಕುಟುಂಬಕ್ಕೆ ಅದೇ ಕಾಯ್ದೆಯ 1988ರ ತಿದ್ದುಪಡಿಯಿಂದ ಪ್ರತ್ಯೇಕ ರಕ್ಷಣೆ ಇದೆ. ಯಾವುದರಿಂದ ಮನೆ ತಪ್ಪಿತು ಎಂದು ನೀವು ತೀರ್ಮಾನಿಸಬೇಕಾಗಿಲ್ಲ, ಎರಡನ್ನೂ ಬರೆಯಿರಿ. ಕಾರ್ಪೆಟ್ ಹಾಳಾದರೆ ಅದಕ್ಕೆ ಠೇವಣಿ ಇದೆ. ಈ ರಾಜ್ಯದಲ್ಲಿ ಒಂದೂವರೆ ತಿಂಗಳ ಬಾಡಿಗೆಯಷ್ಟು ಪಡೆಯಬಹುದು. ಮನೆ ಹಾಳಾಗುವ ಮೊದಲೇ ಮೂಗು ಮುರಿಯುವುದಕ್ಕೆ ಕಾನೂನಿನಲ್ಲಿ ಜಾಗವಿಲ್ಲ.

ನಿಮ್ಮ ಸಹೋದ್ಯೋಗಿಯ ಕರೆಯೇ ನಿಮ್ಮ ದೊಡ್ಡ ಸಾಕ್ಷ್ಯ. ಸರ್ಕಾರ ಮತ್ತು ಸ್ವಯಂಸೇವಾ ಸಂಸ್ಥೆಗಳು ದುಡ್ಡು ಕೊಟ್ಟು ಇಂಥದೇ ಪರೀಕ್ಷೆ ಮಾಡಿಸುತ್ತವೆ. ಸುಳ್ಳು ಮಾಹಿತಿ ಪಡೆದ ಪರೀಕ್ಷಕರಿಗೂ ದಾವೆ ಹೂಡುವ ಹಕ್ಕಿದೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1982ರಲ್ಲಿ ಹೇಳಿದೆ. ಇಂದೇ ರಾತ್ರಿ ಕೂತು ಕರೆಯ ಸಮಯ, ಆಕೆ ಆಡಿದ ಮಾತು ಆಡಿದಂತೆಯೇ ಬರೆದಿಡಿ. ಸಹೋದ್ಯೋಗಿ ತಮ್ಮದನ್ನು ತಾವೇ ಬರೆಯಲಿ, ನಿಮ್ಮದನ್ನು ಓದಿ ಅಲ್ಲ. ಮನೆಯ ಜಾಹೀರಾತು ಇನ್ನೂ ಇದ್ದರೆ ದಿನಾಂಕ ಕಾಣುವಂತೆ ಚಿತ್ರ ತೆಗೆದಿಡಿ. ಸಿಟ್ಟಿನಲ್ಲಿ ಮತ್ತೆ ಕರೆ ಮಾಡಬೇಡಿ.

ರಾಜ್ಯದ ನಾಗರಿಕ ಹಕ್ಕುಗಳ ವಿಭಾಗಕ್ಕೆ 180 ದಿನದೊಳಗೆ, ಅಮೆರಿಕದ ಕೇಂದ್ರ (ಫೆಡರಲ್) ಸರ್ಕಾರದ ವಸತಿ ಇಲಾಖೆಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಎರಡಕ್ಕೂ ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ. ಫೆಡರಲ್ ಕೋರ್ಟಿಗೆ ಎರಡು ವರ್ಷದ ಅವಕಾಶ. ಮಾಲೀಕರು ಹೇಳಿದ್ದಕ್ಕೆ ಮಾಡಿದೆ ಎಂದು ಏಜೆಂಟ್ ಜಾರಿಕೊಳ್ಳಲಾರರು, ಇಬ್ಬರೂ ಹೊಣೆ. ದೂರು ಕೊಟ್ಟಿದ್ದಕ್ಕೆ ಯಾರಾದರೂ ಬೆದರಿಸಿದರೆ ಅದು ಇನ್ನೊಂದು ಉಲ್ಲಂಘನೆ. ನಾಳೆ ನನಗೆ ಖಾಸಗಿಯಾಗಿ ಬರೆಯಿರಿ.

ಕಾವೇರಿಪುತ್ರ ಅವರೇ, ಅದು ‘ಇವರ ದೇಶ’ದ ಕಾನೂನೇ.

ಶರಾವತಿ: ಮೇಡಂ, ಅಪ್ಪ ಅಮ್ಮ ಊರಿನಿಂದ ಆರು ತಿಂಗಳಿಗೆ ಬರುತ್ತಿದ್ದಾರೆ. ಬಾಡಿಗೆ ಮನೆಯವರು ಬೇಡ ಎನ್ನಬಹುದೇ?

ಏಜೆಂಟ್: ಕಾಯ್ದೆಯಲ್ಲಿ ‘ಕುಟುಂಬ’ದ ರಕ್ಷಣೆ ಹದಿನೆಂಟು ವರ್ಷದೊಳಗಿನ ಮಕ್ಕಳಿಗಾಗಿ. ಅಪ್ಪ ಅಮ್ಮನ ವಿಷಯಕ್ಕೆ ಕರಾರಿನ ಅತಿಥಿ ಷರತ್ತು ಓದಿ. ಆದರೆ ಅದೇ ಷರತ್ತನ್ನು ಭಾರತೀಯರ ಮೇಲೆ ಮಾತ್ರ ಚಲಾಯಿಸಿದರೆ ನನಗೆ ತಿಳಿಸಿ.

ಹೊಸ ಸದಸ್ಯ: ಎಡಿಸನ್ನಿನಲ್ಲಿ ನಮ್ಮವರು ಜಾಸ್ತಿ ಇರುವ ಕಡೆ?

ಏಜೆಂಟ್: ಮೇಲೆ ಹೇಳಿದ್ದೇನೆ.

ಧಾರವಾಡಿ: ನನ್ನದು ಎರಡು ಕುಟುಂಬಗಳ ಮನೆ. ಮಹಡಿಯ ಮೇಲೆ ನಾವು, ಕೆಳಗೆ ಬಾಡಿಗೆ. ‘ನಮ್ಮ ಸಮುದಾಯದ ಸಸ್ಯಾಹಾರಿ ಕುಟುಂಬಕ್ಕೆ ಮಾತ್ರ’ ಎಂದು ಈ ಗುಂಪಿನಲ್ಲಿ ಹಾಕಬಹುದೇ? ಮಾಲೀಕ ಅಲ್ಲೇ ವಾಸವಿದ್ದರೆ ವಿನಾಯಿತಿ ಉಂಟಂತೆ.

ಏಜೆಂಟ್: ವಿನಾಯಿತಿ ಇದೆ, ನೀವು ತಿಳಿದಷ್ಟು ಅಗಲವಿಲ್ಲ. ಜಾಹೀರಾತಿಗೆ ಅದು ಅನ್ವಯಿಸುವುದೇ ಇಲ್ಲ. ಇಲ್ಲಿ ಹಾಕುವ ನಾಲ್ಕು ಸಾಲೂ ಜಾಹೀರಾತೇ. ಜನಾಂಗದ ವಿಷಯದಲ್ಲಿ 1866ರ ನಾಗರಿಕ ಹಕ್ಕುಗಳ ಕಾನೂನಿಗೆ ಈ ವಿನಾಯಿತಿ ತಗಲುವುದಿಲ್ಲ. ಯಾವ ಆಧಾರದ ಮೇಲೆ ಭೇದ ಮಾಡಬಾರದು ಎಂಬ ಫೆಡರಲ್ ಪಟ್ಟಿಯಲ್ಲಿ ಜಾತಿ ಎಂಬ ಪದ ಇಲ್ಲ, ನಿಜ. ಸಿಯಾಟಲ್ ನಗರ 2023ರಲ್ಲಿ ಅದನ್ನು ತನ್ನ ಪಟ್ಟಿಗೆ ಸೇರಿಸಿತು, ಕ್ಯಾಲಿಫೋರ್ನಿಯಾದ ಇಂಥದೇ ಮಸೂದೆಗೆ ಅದೇ ವರ್ಷ ಅಲ್ಲಿನ ಗವರ್ನರ್ ಅಂಕಿತ ಹಾಕಲಿಲ್ಲ. ನ್ಯೂ ಜರ್ಸಿಯ ಪಟ್ಟಿಯಲ್ಲಿ ವಂಶಮೂಲ ಇದೆ, ವಕೀಲರಿಗೆ ಅಷ್ಟು ಸಾಕು. ಮನೆಯಲ್ಲಿ ಮಾಂಸ ಬೇಯಿಸಬಾರದು ಎಂಬ ನಿಯಮ ಎಲ್ಲರಿಗೂ ಒಂದೇ ಆಗಿದ್ದರೆ ಅದು ಬೇರೆ ಚರ್ಚೆ, ಧರ್ಮ ಸೋಸುವ ಜರಡಿಯಾದರೆ ಬೇರೆ. ನೀವು ಬರೆದ ಸಾಲನ್ನಂತೂ ನಾನು ಯಾವ ಮಾಲೀಕರಿಗೂ ಬರೆದುಕೊಡುವುದಿಲ್ಲ.

ಮಲೆನಾಡಿಗ: ಮೇಲೆ ಒಬ್ಬ ಹೆಣ್ಣುಮಗಳಿಗೆ ಒಗ್ಗರಣೆ ವಾಸನೆಗೆ ಮನೆ ಕೊಡಲಿಲ್ಲ ಎಂದು ಓದಿದ ಮೇಲೂ ಈ ಪ್ರಶ್ನೆ ಕೇಳುತ್ತೀರಲ್ಲ!

ಧಾರವಾಡಿ: ಅದು ಜನಾಂಗಭೇದ. ಇದು ನನ್ನ ಮನೆಯ ಮಡಿ. ಎರಡನ್ನೂ ಬೆರೆಸಬೇಡಿ.

ಮಲೆನಾಡಿಗ: ಬೆಂಗಳೂರಿನಲ್ಲಿ ಬಾಡಿಗೆ ಫಲಕದ ಕೆಳಗೆ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದಿದ್ದುದನ್ನು ಓದಿ ಗೇಟಿನಿಂದಲೇ ಹಿಂದಿರುಗಿದವನು ನಾನು. ಮಡಿ ಯಾರದು, ಮೈಲಿಗೆ ಯಾರದು ಎಂದು ನನಗೆ ಹೇಳಿಕೊಡಬೇಡಿ.

ಧಾರವಾಡಿ: ಹಾಗಾದರೆ ಸಾಲದ ಕಂತನ್ನೂ ನೀವೇ ಕಟ್ಟಿ, ಯಾರನ್ನು ಬೇಕಾದರೂ ಇಟ್ಟುಕೊಳ್ಳಿ.

ಕಾವೇರಿಪುತ್ರ: ಜಗಳ ಬಿಡಿ. ಉಪಯುಕ್ತ ಮಾಹಿತಿ, ಫಾರ್ವರ್ಡ್ ಆಗಿ ಬಂದದ್ದು: ‘ಆಫರ್ ಜೊತೆಗೆ ಕುಟುಂಬದ ಫೋಟೊ ಇಟ್ಟು, ನಾವು ದೈವಭಕ್ತರು, ಇಬ್ಬರು ಮಕ್ಕಳು ಎಂದು ಮಾಲೀಕರಿಗೆ ಪತ್ರ ಬರೆಯಿರಿ, ಮನೆ ಖಂಡಿತ ನಿಮ್ಮದೇ. ಬಾಡಿಗೆ ಕೊಡುವವರು “ಆಯ್ಕೆ ಮಾಲೀಕರ ವಿವೇಚನೆಗೆ ಒಳಪಟ್ಟಿದೆ” ಎಂಬ ಸಾಲು ಸೇರಿಸಿದರೆ ಯಾವ ಕೇಸೂ ನಿಲ್ಲದು. ಮಾಸ್ಟರ್ ಬೆಡ್‌ರೂಮ್ ಎಂದು ಬರೆದರೆ ದಂಡ.’

ಏಜೆಂಟ್: ಇದು ನನಗೆ ಬೇರೆ ಬೇರೆ ಗುಂಪುಗಳಿಂದಲೂ ಬಂದಿದೆ. ಮೂರೂ ತಪ್ಪು. ಫೋಟೊ ನೋಡಿದ ಮಾಲೀಕರಿಗೆ ಬಣ್ಣ, ಧರ್ಮ, ಮಕ್ಕಳು ಎಲ್ಲವೂ ತಿಳಿಯುತ್ತದೆ. ಅದನ್ನು ನೋಡಿಯೇ ಆರಿಸಿದರು ಎಂದು ಸೋತವರು ದೂರು ಕೊಟ್ಟರೆ? ಆರೆಗಾನ್ ರಾಜ್ಯ 2021ರಲ್ಲಿ ಇಂಥ ಪತ್ರಗಳನ್ನು ತಡೆಯುವ ಕಾನೂನು ತಂದಿತು. ವಾಕ್ ಸ್ವಾತಂತ್ರ್ಯದ ಕಾರಣಕ್ಕೆ ನ್ಯಾಯಾಲಯ ಅದನ್ನು ತಡೆದದ್ದು ನಿಜ, ಪತ್ರದ ಅಪಾಯ ತಪ್ಪಿದ್ದು ನಿಜವಲ್ಲ. ನನ್ನ ಗಿರಾಕಿಗಳ ಪತ್ರವನ್ನು ನಾನು ಮುಂದಕ್ಕೆ ಕಳಿಸುವುದಿಲ್ಲ. ‘ವಿವೇಚನೆ’ಯ ಸಾಲು ಹಾಳೆ ತುಂಬಿಸಲು ಸಾಕು, ಕಾಯ್ದೆಯನ್ನು ಅಳಿಸಲು ಸಾಲದು. ‘ಮಾಸ್ಟರ್’ ಎಂದರೆ ಒಡೆಯ ಎಂಬ ಆಕ್ಷೇಪವಿದೆ, ಆದರೆ ಮಾಸ್ಟರ್ ಬೆಡ್‌ರೂಮ್ ಎನ್ನುವುದು ಉಲ್ಲಂಘನೆಯಲ್ಲ ಎಂದು ವಸತಿ ಇಲಾಖೆ 1995ರಲ್ಲೇ ಬರೆದುಕೊಟ್ಟಿದೆ.

ಕಾವೇರಿಪುತ್ರ: ಒಳ್ಳೆಯದಕ್ಕೆ ಹಾಕಿದೆ ಮೇಡಂ.

ಏಜೆಂಟ್: ಓದಿ ಹಾಕಿ.

ಹೇಮಾವತಿ: ನಮ್ಮ ಕಾಂಡೋ (ಅಪಾರ್ಟ್‌ಮೆಂಟ್) ಸಂಘದವರು ಬಾಗಿಲ ಮಾವಿನ ತೋರಣ ತೆಗೆಯಿರಿ ಎಂದು ನೋಟಿಸ್ ಅಂಟಿಸಿದ್ದಾರೆ. ಎದುರು ಮನೆಯ ಕ್ರಿಸ್‌ಮಸ್ ಹಾರ ಹಾಗೇ ಇದೆ.

ಏಜೆಂಟ್: ಸ್ವಾರಸ್ಯದ ಪ್ರಕರಣ. ಶಿಕಾಗೋದ ಒಂದು ಕಾಂಡೋದಲ್ಲಿ ಯಹೂದಿಗಳು ಬಾಗಿಲ ಚೌಕಟ್ಟಿಗೆ ಹಚ್ಚುವ ಮೆಜೂಜಾವನ್ನು (ಧರ್ಮವಾಕ್ಯವಿಟ್ಟ ಪುಟ್ಟ ಕೊಳವೆ) ಸಂಘ ಕಿತ್ತುಹಾಕುತ್ತಿತ್ತು. ನಿಯಮ ಎಲ್ಲರಿಗೂ ಒಂದೇ ಎಂಬುದು ಅವರ ವಾದ. ಬೇಕೆಂದೇ ಧರ್ಮದ ಮೇಲೆ ಪ್ರಯೋಗಿಸಿದರು ಎಂಬ ಆರೋಪ ವಿಚಾರಣೆಗೆ ಹೋಗಲಿ ಎಂದು 2009ರಲ್ಲಿ ಏಳನೆಯ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಹೇಳಿತು. ಯಾರ ಬಾಗಿಲಲ್ಲೂ ಏನೂ ಇರಬಾರದು ಎಂದರೆ ನಿಮ್ಮ ಪಕ್ಷ ದುರ್ಬಲ. ಹಾರ ಇರಲಿ, ತೋರಣ ಬೇಡ ಎಂದರೆ ಗಟ್ಟಿ. ಎರಡೂ ಬಾಗಿಲುಗಳು ಒಟ್ಟಿಗೆ ಕಾಣುವ ಫೋಟೊ ತೆಗೆಯಿರಿ.

ಬೆಣ್ಣೆದೋಸೆ: ಬೆಂಗಳೂರಿನಲ್ಲಿ ನಮ್ಮ ಸೈಟಿನದು ಬಿ ಖಾತಾ. ಅದನ್ನು ಎ ಮಾಡಿಸುವುದು ಹೇಗೆ?

ಧಾರವಾಡಿ: ಏಜೆಂಟ್ ಮೇಡಂಗೆ ಕಮಿಷನ್ ಯಾರು ಕೊಟ್ಟರೂ ಒಂದೇ, ಅದಕ್ಕೇ ಈ ನೀತಿಪಾಠ.

ಮಲೆನಾಡಿಗ: ಉತ್ತರ ಹಿಡಿಸದಿದ್ದರೆ ಉತ್ತರ ಕೊಟ್ಟವರ ಮೇಲೆ ಬೀಳುವುದೇ?

ಏಜೆಂಟ್: ತಾರತಮ್ಯ ಸಾಬೀತಾದರೆ ಮೊದಲ ಬಾರಿಗೇ ಇಪ್ಪತ್ತೈದು ಸಾವಿರ ಡಾಲರ್ ಮೀರಿದ ದಂಡ ಬೀಳಬಹುದು. ನನ್ನ ಪರವಾನಗಿಯೂ ಹೋಗಬಹುದು. ಯಾವ ಕಮಿಷನ್ನೂ ಅದಕ್ಕೆ ಸಮವಲ್ಲ. ಧಾರವಾಡಿ ಅವರಿಗೆ ನನ್ನಿಂದ ಇಷ್ಟೇ.

ನಿರ್ವಾಹಕ: ವೈಯಕ್ತಿಕ ಟೀಕೆಗಳನ್ನು ಅಳಿಸಲಾಗುವುದು.

ಧಾರವಾಡಿ: ಯಾರದು ಅಳಿಸುತ್ತೀರಿ ಎಂಬುದನ್ನೂ ನೋಡೋಣ.

ತುಂಗಾತೀರ: ಅಕ್ಕಾ, ಬರೆದಿಟ್ಟೆ. ಜಾಹೀರಾತು ಇನ್ನೂ ಇದೆ, ಬಾಡಿಗೆಯನ್ನು ಐವತ್ತು ಡಾಲರ್ ಇಳಿಸಿದ್ದಾರೆ. ಚಿತ್ರವನ್ನು ಇಲ್ಲಿ ಹಾಕಲೇ?

ಏಜೆಂಟ್: ಇಲ್ಲಿ ಬೇಡ. ನನಗೆ ಕಳಿಸಿ, ಈಗಲೇ. ‘ಮನೆ ಹೋಯಿತು’ ಎಂಬ ಸಂದೇಶವನ್ನು ಅಳಿಸಿಲ್ಲ ತಾನೇ?