ಪದಚರ್ಚೆ: ‘ಪಾರ್ಟಿಷನ್ ಟೇಬಲ್’ಗೆ ‘ಪಾಲುಪಟ್ಟಿ’ ಆದೀತೆ?

ಎಲ್ಲರಿಗೂ ನಮಸ್ಕಾರ.

ಒಂದೇ ಹಾರ್ಡ್ ಡಿಸ್ಕಿನಲ್ಲಿ ವಿಂಡೋಸ್, ಉಬುಂಟು, ಡೆಬಿಯನ್ ಎಂಬ ಮೂರು ಆಪರೇಟಿಂಗ್ ಸಿಸ್ಟಂಗಳನ್ನೂ ಹಾಕಿಕೊಳ್ಳುವುದು ಹೇಗೆ ಅಂತ ನಮ್ಮ ಶನಿವಾರಸಂತೆ ಕಡೆಯ ಹುಡುಗರಿಗಾಗಿ ಕನ್ನಡದಲ್ಲೊಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಮಳೆ ಹಿಡಿದಿದೆ, ತೋಟದ ಕೆಲಸ ನಿಂತಿದೆ, ಪುರುಸೊತ್ತಿಗೇನೂ ಕೊರತೆಯಿಲ್ಲ. ಬರವಣಿಗೆ ಸಿಕ್ಕಿಹಾಕಿಕೊಂಡದ್ದು ಎರಡನೇ ಪುಟದಲ್ಲೇ, ‘ಪಾರ್ಟಿಷನ್’ ಎಂಬ ಮಾತಿನಲ್ಲಿ. ಒಂದು ಡಿಸ್ಕನ್ನು ಬೇರೆ ಬೇರೆ ಭಾಗ ಮಾಡಿದಾಗ ಒಂದೊಂದು ಭಾಗವೂ ಪಾರ್ಟಿಷನ್, ಆ ಭಾಗಗಳ ವಿವರ ಬರೆದಿರುವ ಪಟ್ಟಿಯೇ ‘ಪಾರ್ಟಿಷನ್ ಟೇಬಲ್’.

(‘ಆಪರೇಟಿಂಗ್ ಸಿಸ್ಟಂ’ ಅನ್ನು ಹಾಗೇ ಬಿಟ್ಟಿದ್ದೇನೆ. ‘ಕಾರ್ಯಾಚರಣೆ ವ್ಯವಸ್ಥೆ’ ಅಂತ ಬರೆದರೆ ನಮ್ಮ ಕಡೆಯವರಿಗೆ ಕಾಡಾನೆ ಓಡಿಸಲು ಬಂದ ಫಾರೆಸ್ಟಿನವರ ಜೀಪೇ ಕಣ್ಣಿಗೆ ಕಟ್ಟುತ್ತದೆ.)

‘ವಿಭಾಗ’ ಬೇಡ ಅನ್ನಿಸಿದ್ದಕ್ಕೆ ಕಾರಣ, ಅದು ಈಗ ಆಫೀಸಿನ ಮಾತಾಗಿದೆ. ‘ವಿಭಜನೆ’ ಅಂದರೆ 1947. ಸರ್ವೆಯವರ ‘ಪೋಡಿ’ ನನಗೆ ಬಹಳ ಹಿಡಿಸಿತ್ತು: ಒಂದು ಸರ್ವೆ ನಂಬರನ್ನು ಅಳೆದು ಬೇರೆ ಬೇರೆ ಮಾಡುವ ಕೆಲಸಕ್ಕೇ ಇರುವ ಪದ ಅದು. ಆದರೆ ಸಂಪಾಜೆ ಘಾಟಿ ಇಳಿದರೆ ಪೋಡಿ ಅಂದರೆ ಬಜ್ಜಿ. ‘ಮೊದಲು ಡಿಸ್ಕನ್ನು ಪೋಡಿ ಮಾಡಿಕೊಳ್ಳಿ’ ಅಂತ ಓದಿ ಸುಳ್ಯದವರು ಎಣ್ಣೆ ಕಾಯಲು ಇಟ್ಟಾರು.

ದಾರಿ ತೋರಿಸಿದ್ದು ರೆವಿನ್ಯೂ ಇಲಾಖೆಯಿಂದ ನಿವೃತ್ತರಾದ ನನ್ನ ಮಾವನವರು. ಒಂದು ಹಳೆಯ ಕಂಪ್ಯೂಟರನ್ನು ಬಿಚ್ಚಿಕೊಂಡು ಕೂತಿದ್ದೆ. 500 ಜಿಬಿ ಡಿಸ್ಕು, ವಿಂಡೋಸ್ 7. ಸಿ ಡ್ರೈವನ್ನು ಕುಗ್ಗಿಸಿ ಅರ್ಧ ಡಿಸ್ಕು ಖಾಲಿ ಮಾಡಿಕೊಟ್ಟರೂ ಉಬುಂಟು ಆ ಜಾಗ ಬಳಕೆಗೆ ಬಾರದ್ದು ಅನ್ನುತ್ತಿತ್ತು. ಯಾಕೆಂದರೆ ಪಾರ್ಟಿಷನ್‌ಗಳ ವಿವರ ಬರೆದಿಡುವ ಈ ಹಳೆಯ ಎಂಬಿಆರ್ ಪದ್ಧತಿ 1983ರ ಡಾಸ್ 2.0 ಕಾಲದ್ದು. ಡಿಸ್ಕಿನ ಮೊದಲ 512 ಬೈಟುಗಳಲ್ಲಿ 446 ಬೈಟು ಯಂತ್ರವನ್ನು ಎಬ್ಬಿಸುವ ಕೋಡಿಗೆ, 64 ಬೈಟು ಪಾರ್ಟಿಷನ್‌ಗಳ ಪಟ್ಟಿಗೆ, ಕೊನೆಯ 2 ಬೈಟು ಮೊಹರಿಗೆ. ಪಟ್ಟಿಯ ಒಂದೊಂದು ಸಾಲಿಗೂ 16 ಬೈಟು, ಅಂದರೆ ನಾಲ್ಕೇ ಸಾಲು. ಆ ನಾಲ್ಕನ್ನೂ ತಯಾರಿಸಿದವರೇ ತುಂಬಿಸಿ ಕಳಿಸಿದ್ದರು: ವಿಂಡೋಸ್ ಎಬ್ಬಿಸಲು ಒಂದು, ಸಿ ಡ್ರೈವ್ ಒಂದು, ರಿಕವರಿ ಒಂದು, ಯಾವುದೋ ಟೂಲ್ಸ್ ಅಂತ ಇನ್ನೊಂದು.

ಇದನ್ನೆಲ್ಲ ಕೇಳಿಸಿಕೊಂಡ ಮಾವ, “ಜಾಗ ಇದೆ, ಪಟ್ಟಿಯಲ್ಲಿ ಸಾಲಿಲ್ಲ ಅಂತಾಯ್ತು. ಅದು ಪಾಲುಪಟ್ಟಿಯಲ್ವಾ ಅಳಿಯಂದ್ರೇ, ಹೊಸ ಹೆಸರು ಯಾಕೆ ಹುಡುಕ್ತೀರಿ?” ಅಂದರು.

ಆಸ್ತಿ ಹಂಚಿಕೊಂಡಾಗ ಬರೆಯುವ ಪತ್ರವೇ ಪಾಲುಪಟ್ಟಿ. ಯಾರಿಗೆ ಎಲ್ಲಿಂದ ಎಲ್ಲಿವರೆಗೆ ಅಂತ ಬರೆಯುವ ಕಾಗದ. ಡಿಸ್ಕಿನ ಪಟ್ಟಿಯಲ್ಲಿರುವುದೂ ಶುರು ಎಲ್ಲಿ, ಉದ್ದ ಎಷ್ಟು ಎಂಬುದೇ. ಹೋಲಿಕೆ ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗುತ್ತದೆ. ಕಾಗದ ಹರಿದರೆ ತೋಟದ ಕಾಫಿ ಗಿಡ ಸಾಯುವುದಿಲ್ಲ. ಹಾಗೆಯೇ ಪಟ್ಟಿಯಿಂದ ಒಂದು ಸಾಲು ಅಳಿಸಿಹೋದರೂ ಆ ಪಾಲಿನ ಫೈಲುಗಳು ಇದ್ದಲ್ಲೇ ಇರುತ್ತವೆ. ಮೇಲೆ ಬೇರೇನೂ ಬರೆಯದಿದ್ದರೆ ಟೆಸ್ಟ್‌ಡಿಸ್ಕ್‌ನಂಥ ಉಪಕರಣದಿಂದ ಆ ಸಾಲನ್ನು ಮತ್ತೆ ಬರೆಯಬಹುದು. ‘ಪಾರ್ಟಿಷನ್ ಟೇಬಲ್’ ಅಂದಾಗ ಹೆದರುವ ಹುಡುಗರಿಗೆ ‘ಪಾಲುಪಟ್ಟಿ’ ಅಂದಾಗ ಇದು ತಟ್ಟನೆ ಹೊಳೆಯಿತು.

ತೊಡಕು ಎರಡಿವೆ. ಒಂದು, ‘ಪಾಲಾಗು’ ಎಂಬ ಕ್ರಿಯಾಪದ. ‘ಡಿಸ್ಕು ಮೂರು ಪಾಲಾಯಿತು’ ಸರಿ. ‘ಫೋಟೊಗಳೆಲ್ಲ ವಿಂಡೋಸ್ ಪಾಲಾದವು’ ಅಂದರೆ ಹೊಳೆ ಪಾಲಾದ ಹಾಗೆ, ಕಳ್ಳರ ಪಾಲಾದ ಹಾಗೆ ಕೇಳಿಸುತ್ತದೆ. ‘ಪಾಲು ಮಾಡು’, ‘ಪಾಲಿಗೆ ಬಂತು’ ಅಂತ ಬರೆದು ನುಣುಚಿಕೊಂಡಿದ್ದೇನೆ.

ಎರಡನೆಯದಕ್ಕೇ ಈ ಓಲೆ. ನಾಲ್ಕಕ್ಕಿಂತ ಹೆಚ್ಚು ಪಾಲು ಬೇಕಾದಾಗ ನಾಲ್ಕು ಸಾಲುಗಳಲ್ಲಿ ಒಂದನ್ನು ‘ಎಕ್ಸ್‌ಟೆಂಡೆಡ್’ ಮಾಡುತ್ತಾರೆ. ಅದರಲ್ಲಿ ನೇರವಾಗಿ ಯಾವ ಫೈಲೂ ಕೂರುವುದಿಲ್ಲ. ಒಳಗೆ ‘ಲಾಜಿಕಲ್’ ಪಾಲುಗಳು, ಒಂದರ ವಿವರ ಮುಂದಿನದರ ದಾರಿ ಹೇಳುತ್ತಾ ಸರಪಳಿಯಂತೆ ಸಾಗುತ್ತವೆ. ಲಿನಕ್ಸ್ (ಉಬುಂಟು, ಡೆಬಿಯನ್ ಎರಡರ ಬುಡವೂ ಅದೇ) ಇವನ್ನು 5ರಿಂದ ಎಣಿಸುತ್ತದೆ. ನಾನು ಮಾಡಿದ್ದೂ ಅದೇ: ಟೂಲ್ಸ್ ಪಾಲನ್ನು ನಕಲು ತೆಗೆದಿಟ್ಟು ಅಳಿಸಿದೆ, ಸಿಕ್ಕ ಸಾಲನ್ನು ಎಕ್ಸ್‌ಟೆಂಡೆಡ್ ಮಾಡಿ ಉಬುಂಟು, ಡೆಬಿಯನ್, ಇಬ್ಬರಿಗೂ ಸೇರಿ ಒಂದು ಸ್ವಾಪ್ (ಮೆಮೊರಿ ಸಾಲದಾಗ ಬಳಕೆಯಾಗುವ ಜಾಗ) ಹಾಕಿದೆ.

ಕೊಡಗಿನಲ್ಲಿದ್ದುಕೊಂಡು ಇದಕ್ಕೆ ಮಾತು ಸಿಗಲಿಲ್ಲ ಅನ್ನುವಂತಿಲ್ಲ. ಹಳೆಯ ಕಟ್ಟಳೆಯಂತೆ ಜಮ್ಮಾ ಜಮೀನು (ಇಲ್ಲಿನ ವಂಶಪಾರಂಪರ್ಯದ ಹಿಡುವಳಿ) ಪಾಲಾಗುವಂಥದ್ದಲ್ಲ. ದಾಖಲೆಯಲ್ಲಿ ಪಟ್ಟೆದಾರನ ಹೆಸರು, ಅನುಭೋಗದಲ್ಲಿ ಇಡೀ ಒಕ್ಕ, ಅಂದರೆ ಒಂದೇ ಮೂಲದ ಮನೆತನದವರೆಲ್ಲ. ಹೊರಗಿನವರ ಲೆಕ್ಕಕ್ಕೆ ಒಂದೇ ಸಾಲು, ಒಳಗೆ ಹತ್ತು ಸಂಸಾರ. ಹಾಗಾಗಿ ‘ಒಕ್ಕಪಾಲು’ ಅಂತ ಬರೆದೆ, ಮರುದಿನ ಹೊಡೆದುಹಾಕಿದೆ. ಕುಶಾಲನಗರದ ಸೇತುವೆ ದಾಟಿದರೆ ‘ಒಕ್ಕ’ ಯಾರಿಗೂ ತಿಳಿಯದು. ‘ಒಕ್ಕಲುಪಾಲು’ ಅಂದರೆ ಗೇಣಿ ನೆನಪಾಗುತ್ತದೆ. ‘ಕೂಡುಪಾಲು’ ಒಂದು ಹಂತಕ್ಕೆ ಸರಿ ಅನ್ನಿಸಿದೆ, ಒಳಗಿನವಕ್ಕೆ ‘ಒಳಪಾಲು’. ಆದರೆ ‘ಕೂಡು’ ಅಂದಾಗ ಎರಡು ಪಾಲು ಸೇರಿಸಿ ಒಂದು ಮಾಡಿದ್ದು ಅನ್ನುವ ಅರ್ಥ ಬಂದುಬಿಡುತ್ತದೇನೋ ಎಂಬ ಅಳುಕು.

ಎಂಬಿಆರ್ ಬದಲಿಗೆ ಬಂದ ಹೊಸ ಜಿಪಿಟಿ ಪದ್ಧತಿಯಲ್ಲಿ ಪಟ್ಟಿಗೆ ಸಾಮಾನ್ಯವಾಗಿ 128 ಸಾಲು, ಹಾಗಾಗಿ ಎಕ್ಸ್‌ಟೆಂಡೆಡ್‌ಗೆ ಪದವೇ ಬೇಕಿಲ್ಲ ಅನ್ನುವವರು ಇದ್ದಾರೆ. ನಮ್ಮೂರಿನ ಹುಡುಗರ ಕೈಗೆ ಬರುವವು ಇನ್ನೂ ಆ ಹಳೆಯ ಪೆಟ್ಟಿಗೆಗಳೇ.

ಕೇಳುವುದು ಇಷ್ಟು: ಒಬ್ಬರ ಹೆಸರಿನಲ್ಲಿದ್ದು ಹಲವರು ಅನುಭವಿಸುವ ಜಮೀನಿಗೆ ಹಾಸನ, ಮಲೆನಾಡು, ಕಲ್ಯಾಣ ಕರ್ನಾಟಕದ ಕಡೆ ಆಡುಮಾತಿನಲ್ಲಿ ಏನಂತಾರೆ? ಹಾಗೇ, ಪಾಲನ್ನು ‘ಫಾರ್ಮ್ಯಾಟ್’ ಮಾಡುವುದಕ್ಕೆ ‘ಹಸನು ಮಾಡು’ ಅಂತ ಬರೆದಿದ್ದೇನೆ. ಇದ್ದದ್ದೆಲ್ಲ ಹೋಗುತ್ತದೆ ಎಂಬ ಎಚ್ಚರಿಕೆ ಆ ಮಾತಿನಲ್ಲಿ ನಿಮಗೆ ಕೇಳಿಸುತ್ತದೆಯೆ?